ಡಿಜಿಟಲ್ ಬದಲಾವಣೆಯ ಕೆಲಸವನ್ನು ಯಾರ ಕೈಗೆ ಕೊಡಬೇಕು: ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಹೋಲಿಕೆಯ ಮಾರ್ಗದರ್ಶಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕಂಪ್ಯೂಟರ್ ಇಲ್ಲದ ಕಚೇರಿಯನ್ನು ಈಗ ಹುಡುಕಬೇಕಾಗುತ್ತದೆ. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ, 2018ರ ಏಪ್ರಿಲ್‌ನಲ್ಲಿ ಬಂದ ಸರಕು ಸಾಗಣೆಯ ಇ-ವೇ ಬಿಲ್, 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ದಾಟಿದ ವಹಿವಾಟಿನವರಿಂದ ಆರಂಭವಾಗಿ 2023ರ ಆಗಸ್ಟ್ 1ರ ಹೊತ್ತಿಗೆ 5 ಕೋಟಿ ದಾಟಿದವರವರೆಗೂ ಇಳಿದ, ಸರ್ಕಾರಿ ಪೋರ್ಟಲ್ಲಿನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್, ಇವೆಲ್ಲ ಸೇರಿ ಬಿಲ್ ಬರೆಯುವ ಕೆಲಸವನ್ನು ಪುಸ್ತಕದಿಂದ ಪರದೆಗೆ ದಾಟಿಸಿದವು. ಬಿಲ್ಲಿನಾಚೆಯ ವ್ಯವಹಾರ ಮಾತ್ರ, ಅಂದರೆ ಗೋದಾಮಿನ ದಾಸ್ತಾನು, ಹೊರಗಿನವರಿಂದ ಮಾಡಿಸುವ ಜಾಬ್ ವರ್ಕ್‌ಗೆ ಹೋದ ಮಾಲು, ಖರೀದಿ ಆರ್ಡರು, ಬಾಕಿ ವಸೂಲಿ, ಹಲವು ಕಡೆ ಇನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ, ಸೂಪರ್‌ವೈಸರ್ ನೆನಪಿನಲ್ಲಿ ಮತ್ತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿಹೋಗಿದೆ. ಇದನ್ನೆಲ್ಲ ಒಂದು ವ್ಯವಸ್ಥೆಗೆ ತರಲು ಹೊರಟ ಮಾಲೀಕರು ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದು ಎಂದು. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಕೆಲಸವನ್ನು ಯಾರು ನಡೆಸುತ್ತಾರೆ ಎಂಬುದು ಅದಕ್ಕಿಂತ ಮೊದಲು ತೀರ್ಮಾನವಾಗಬೇಕು.

ಯೋಜನಾ ನಿರ್ವಹಣೆ ಎಂದರೆ ವ್ಯಾಪ್ತಿ, ಅವಧಿ ಮತ್ತು ವೆಚ್ಚ ಈ ಮೂರನ್ನೂ ಹಿಡಿತದಲ್ಲಿಡುವುದು ಎಂದು ಪಠ್ಯಗಳಲ್ಲಿ ಓದುತ್ತೇವೆ. ಇಪ್ಪತ್ತರಿಂದ ನೂರು ಮಂದಿ ದುಡಿಯುವ ಸಂಸ್ಥೆಯಲ್ಲಿ ಅದರ ತಿರುಳು ಇನ್ನೂ ಸರಳವಾದದ್ದು: ಬೇಕಾದ ನಿರ್ಧಾರವನ್ನು ಬೇಕಾದ ವಾರದೊಳಗೆ ಮಾಡಿಸುವುದು, ಗೊತ್ತುಪಡಿಸಿದ ದಿನದಂದು ಹಳೆಯ ಪುಸ್ತಕವನ್ನು ಮುಚ್ಚಿಸುವುದು. ಇವೆರಡನ್ನೂ ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ. ಆದ್ದರಿಂದ ಮುಂದಿನ ಹೋಲಿಕೆಯಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಮುಖ್ಯವಾಗಿ ಈ ಎರಡು ಅಳತೆಗಳಿಂದಲೇ ತೂಗಿದ್ದೇನೆ.

ನಡೆಸುವವರು ಯಾರು: ಮೂರು ದಾರಿಗಳು

ಮೊದಲ ದಾರಿ ಸಂಸ್ಥೆಯ ಒಳಗಿನವರಿಗೇ ಹೊಣೆ ಒಪ್ಪಿಸುವುದು. ಸಾಮಾನ್ಯವಾಗಿ ಇದು ಅಕೌಂಟೆಂಟ್ ಅಥವಾ ಬೆಂಗಳೂರಿನಲ್ಲಿ ಓದಿ ಬಂದ ಮಾಲೀಕರ ಮಗ, ಮಗಳ ಪಾಲಿಗೆ ಬರುತ್ತದೆ. ಇದರ ಬಲವೆಂದರೆ ವ್ಯಾಪಾರದ ಒಳಸುಳಿ ಗೊತ್ತಿರುವುದು, ಮತ್ತು ಆ ಬಲ ಎಷ್ಟು ದೊಡ್ಡದೆಂಬುದು ಐಟಂ ಪಟ್ಟಿಯನ್ನು ಹೊಸ ವ್ಯವಸ್ಥೆಗೆ ಏರಿಸುವಾಗ ತಿಳಿಯುತ್ತದೆ. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ಒಂದು ಘಟಕದ ಸ್ಟೋರ್ಸ್ ಪಟ್ಟಿಯಲ್ಲಿ ‘ಬೇರಿಂಗ್ 6205’, ‘6205 ಝಡ್‌ಝಡ್’, ‘6205 2ಆರ್‌ಎಸ್’, ‘25 ಎಂಎಂ ಬೇರಿಂಗ್’ ಎಂಬ ನಾಲ್ಕು ಸಾಲುಗಳಿವೆ ಎಂದುಕೊಳ್ಳಿ. ಮೊದಲ ಮೂರರ ಗಾತ್ರ ಒಂದೇ: ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15. ಹಾಗೆಂದು ಮೂರನ್ನೂ ಒಂದೇ ಐಟಂ ಮಾಡಿದರೆ ಲೋಹದ ಮುಚ್ಚಳದ ಝಡ್‌ಝಡ್ ಮತ್ತು ರಬ್ಬರ್ ಸೀಲಿನ 2ಆರ್‌ಎಸ್ ಬೆರೆತುಹೋಗಿ, ಕೂಲಂಟ್ ಚಿಮ್ಮುವ ಕಡೆಗೆ ಹಾಕಬೇಕಾದದ್ದು ಎಷ್ಟಿದೆ ಎಂಬುದು ಪರದೆಯಲ್ಲಿ ಕಾಣುವುದಿಲ್ಲ. ನಾಲ್ಕನೆಯ ಸಾಲು ಇನ್ನೂ ಕಷ್ಟದ್ದು, ಏಕೆಂದರೆ 6005, 6205, 6305 ಮೂರಕ್ಕೂ ಒಳವ್ಯಾಸ 25 ಮಿಲಿಮೀಟರೇ. ಪುಸ್ತಕದಲ್ಲಿ ಹಾಗೆ ಬರೆದವರು ಯಾವುದನ್ನು ಉದ್ದೇಶಿಸಿದ್ದರೆಂದು ಆ ರ‍್ಯಾಕಿನ ಮುಂದೆ ವರ್ಷಗಟ್ಟಲೆ ನಿಂತವರೇ ಹೇಳಬೇಕು. ಇಂಥ ಸಾವಿರಾರು ಸಾಲುಗಳನ್ನು ತೀರ್ಮಾನಿಸದೆ ಪಟ್ಟಿಯನ್ನು ಇದ್ದ ಹಾಗೆ ಏರಿಸಿದರೆ, ಮಾಲು ರ‍್ಯಾಕಿನಲ್ಲಿ ಇದ್ದರೂ ಇಲ್ಲವೆಂದು ತೋರಿಸಿ ಖರೀದಿ ಆರ್ಡರು ಹೊರಡುತ್ತದೆ, ಎರಡನೆಯ ತಿಂಗಳಲ್ಲಿ ಎಲ್ಲರೂ ತಂತ್ರಾಂಶವನ್ನು ಬೈಯುತ್ತಾರೆ.

ಒಳಗಿನವರ ದೌರ್ಬಲ್ಯ ಸಮಯ ಮತ್ತು ಅಧಿಕಾರ ಎರಡರಲ್ಲೂ ಇದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಸಂಸ್ಥೆಯ ಅಕೌಂಟೆಂಟ್ 11ನೇ ತಾರೀಖಿನೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕದ 3ಬಿ ಮುಗಿಸಬೇಕು. ಉಳಿದ ಹತ್ತು ದಿನಗಳಲ್ಲಿ ಸಂಬಳ, ಬ್ಯಾಂಕು, ಆಡಿಟರ್ ಕೇಳಿದ ಕಾಗದ. ಅಂಥವರಿಗೆ ‘ಇದನ್ನೂ ಸ್ವಲ್ಪ ನೋಡಿಕೊಳ್ಳಿ’ ಎಂದು ಹೇಳಿದರೆ ಯೋಜನೆ ಆ ‘ಸ್ವಲ್ಪ’ದಲ್ಲೇ ನಿಲ್ಲುತ್ತದೆ. ಮಾಲೀಕರ ಮಕ್ಕಳಿಗೆ ಸಮಯವಿರಬಹುದು, ಆದರೆ ಅವರನ್ನು ಚಿಕ್ಕವರಿದ್ದಾಗಿನಿಂದ ನೋಡಿದ ಹಳೆಯ ನೌಕರರು ಎದುರಿಗೆ ‘ಆಗಲಿ ಬಿಡಿ ಸಾರ್’ ಎಂದು, ಮಧ್ಯಾಹ್ನ ದೊಡ್ಡವರ ಹತ್ತಿರ ಹೋಗಿ ಹಳೆಯ ಪುಸ್ತಕವನ್ನು ಉಳಿಸಿಕೊಂಡು ಬರುತ್ತಾರೆ. ಈ ದಾರಿ ಹಿಡಿಯುವವರು ಹೊಣೆ ಹೊತ್ತವರ ದೈನಂದಿನ ಕೆಲಸದಲ್ಲಿ ಕನಿಷ್ಠ ಅರ್ಧವನ್ನು ಬೇರೆಯವರಿಗೆ ಬರಹದಲ್ಲಿ ವರ್ಗಾಯಿಸಬೇಕು, ಮತ್ತು ಅವರ ನಿರ್ಧಾರದ ವಿರುದ್ಧ ತಮ್ಮ ಬಳಿ ಮೇಲ್ಮನವಿ ಇಲ್ಲವೆಂದು ಎಲ್ಲರ ಎದುರು ಒಮ್ಮೆ ಹೇಳಬೇಕು.

ಎರಡನೆಯ ದಾರಿ ತಂತ್ರಾಂಶ ಮಾರಿದವರಿಗೇ ನಿರ್ವಹಣೆಯನ್ನೂ ಬಿಡುವುದು. ಕೊಟೇಶನ್ನಿನಲ್ಲಿ ಇದು ಎಲ್ಲಕ್ಕಿಂತ ಅಗ್ಗವಾಗಿ ಕಾಣುತ್ತದೆ, ಏಕೆಂದರೆ ಅನುಷ್ಠಾನದ ಶುಲ್ಕ ಪರವಾನಗಿಯ ಬೆಲೆಯಲ್ಲೇ ಅಡಗಿರುತ್ತದೆ. ಮಾರಿದವರಿಗೆ ತಮ್ಮ ತಂತ್ರಾಂಶ ಚೆನ್ನಾಗಿ ಗೊತ್ತು. ಇದೇ ಬಗೆಯ ಬೇರೆ ಸಂಸ್ಥೆಗಳಲ್ಲಿ ಕೆಲಸ ಮಾಡಿದ್ದರೆ ನಿಮಗೆ ಹೊಳೆಯದ ತೊಂದರೆಗಳನ್ನು ಮೊದಲೇ ಹೇಳಬಲ್ಲರು. ಆದರೆ ಅವರ ಲೆಕ್ಕದಲ್ಲಿ ಯೋಜನೆ ಮುಗಿಯುವುದು ನೀವು ಗೋ-ಲೈವ್ (ಹೊಸ ವ್ಯವಸ್ಥೆ ಚಾಲನೆಗೆ ಬಂದದ್ದು) ಪತ್ರಕ್ಕೆ ಸಹಿ ಹಾಕಿದ ದಿನ, ನಿಮ್ಮ ಲೆಕ್ಕದಲ್ಲಿ ಮುಗಿಯುವುದು ವರ್ಷಾಂತ್ಯದ ದಾಸ್ತಾನು ಪುಸ್ತಕಕ್ಕೆ ಹೊಂದಿದ ದಿನ. ಈ ಎರಡು ದಿನಗಳ ನಡುವೆ ಬರುವ ಪ್ರತಿ ಬದಲಾವಣೆಯೂ ದಿನದ ದರದ ಮೇಲೆ ಬಿಲ್ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾರಾಟಗಾರರ ಕಡೆಯ ಇಂಜಿನಿಯರ್ ಎಷ್ಟೇ ಸಮರ್ಥರಾದರೂ ನಿಮ್ಮ ಸ್ಟೋರ್ ಕೀಪರ್‌ಗೆ ‘ನಾಳೆಯಿಂದ ಚೀಟಿ ಇಲ್ಲದೆ ಮಾಲು ಕೊಡಬೇಡಿ’ ಎಂದು ಹೇಳಲು ಅವರಿಗೆ ಅಧಿಕಾರವಿಲ್ಲ. ಬಿಲ್ಲಿಂಗ್, ದಾಸ್ತಾನು, ಲೆಕ್ಕಪತ್ರ ಇಷ್ಟೇ ಸಾಕೆನ್ನುವ, ಸಿದ್ಧ ತಂತ್ರಾಂಶವನ್ನು ತಿದ್ದದೆ ಬಳಸಲು ಒಪ್ಪುವ, ಮಾಲೀಕರು ದಿನವೂ ಅಂಗಡಿಯಲ್ಲೇ ಕೂರುವ ಸಂಸ್ಥೆಗೆ ಈ ದಾರಿ ಸಾಕು. ಉತ್ಪಾದನೆ, ಎರಡನೆಯ ಶಾಖೆ ಅಥವಾ ಜಾಬ್ ವರ್ಕ್ ಸೇರಿದೊಡನೆ ಸಾಲುವುದಿಲ್ಲ.

ಮೂರನೆಯ ದಾರಿ ತಂತ್ರಾಂಶವನ್ನೂ ಮಾರದ, ಸಂಸ್ಥೆಗೂ ಸೇರದ ಹೊರಗಿನ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರನ್ನು ನೇಮಿಸಿಕೊಳ್ಳುವುದು. ಬೆಂಗಳೂರು ಹತ್ತಿರವಿರುವುದರಿಂದ ಈ ಮೂರೂ ಜಿಲ್ಲೆಗಳಿಗೆ ವಾರಕ್ಕೆ ಒಂದೆರಡು ದಿನ ಬಂದುಹೋಗುವ ಅನುಭವಿಗಳು ಸಿಗುತ್ತಾರೆ, ಪೂರ್ಣಾವಧಿ ಸಂಬಳ ಕೊಡಬೇಕಾಗಿಲ್ಲ. ಇವರ ಬೆಲೆ ತಿಳಿಯುವುದು ಆರಂಭದಲ್ಲಿ ಮತ್ತು ಕೊನೆಯಲ್ಲಿ: ವ್ಯಾಪ್ತಿಯನ್ನು ಬರಹಕ್ಕಿಳಿಸುವಾಗ, ಕರಾರಿನ ಕಂತುಗಳನ್ನು ಜೋಡಿಸುವಾಗ, ಗೋ-ಲೈವ್ ಬೇಡವೆಂದು ಹೇಳಬೇಕಾದಾಗ. ಮಾರಾಟಗಾರರಿಗೂ ಮಾಲೀಕರಿಗೂ ಒಂದೇ ದನಿಯಲ್ಲಿ ‘ಇಲ್ಲ’ ಎನ್ನಬಲ್ಲವರು ಇವರು ಮಾತ್ರ. ನಡುವಿನ ತಿಂಗಳುಗಳಲ್ಲಿ ಮಾತ್ರ ಇವರು ಹೆಚ್ಚಾಗಿ ಪ್ರಗತಿಯ ಪಟ್ಟಿಗಳನ್ನು ಕಳುಹಿಸುತ್ತಿರುತ್ತಾರೆ, ಕೆಲಸ ಮುಗಿದ ಮೇಲೆ ತಿಳಿವಳಿಕೆಯನ್ನೂ ಜೊತೆಗೆ ಒಯ್ಯುತ್ತಾರೆ. ನೇಮಿಸುವಾಗ ಯೋಜನಾ ನಿರ್ವಹಣೆಯ ಪಿಎಂಪಿಯಂಥ ಪ್ರಮಾಣಪತ್ರವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೊರತೆಯೇನಲ್ಲ. ಯಾವ ಯೋಜನೆಯ ಗೋ-ಲೈವ್ ಅನ್ನು, ಏಕೆ ಮುಂದೂಡಿಸಿದ್ದೀರಿ ಎಂದು ಕೇಳಿ ಉತ್ತರ ಆಲಿಸುವುದು ಹೆಚ್ಚು ಉಪಯುಕ್ತ. ಮಾತುಕತೆಗೆ ಬಂದ ಹಿರಿಯರೇ ಕೆಲಸಕ್ಕೂ ಬರುತ್ತಾರೆಯೇ ಎಂಬುದನ್ನೂ ಬರೆಸಿಕೊಳ್ಳಬೇಕು.

ಮೂರನ್ನೂ ತೂಗಿದರೆ ಐವತ್ತು ಮಂದಿಯ ಆಸುಪಾಸಿನ ಉತ್ಪಾದನಾ ಘಟಕಕ್ಕೆ ನಾನು ಹೇಳುವುದು ಬೆರಕೆಯ ದಾರಿಯನ್ನು: ಹೊಣೆ ಒಳಗಿನವರದ್ದು, ಕೈಕೆಲಸ ಮಾರಾಟಗಾರರದ್ದು, ಹೊರಗಿನ ಅನುಭವಿ ಆರಂಭದ ಒಂದೂವರೆ ತಿಂಗಳು ಮತ್ತು ಗೋ-ಲೈವ್‌ನ ಹಿಂದು ಮುಂದಿನ ತಿಂಗಳು ಮಾತ್ರ. ಮೂವರನ್ನೂ ಇಟ್ಟುಕೊಂಡು ಹೊಣೆ ಯಾರದೆಂದು ಬರೆಯದೆ ಬಿಡುವುದು ಮಾತ್ರ ಒಬ್ಬರೂ ಇಲ್ಲದ್ದಕ್ಕಿಂತ ಕೆಟ್ಟದ್ದು.

ಒಮ್ಮೆಗೇ ಬದಲಿಸುವುದೋ, ಹಂತ ಹಂತವಾಗಿಯೋ

ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸುವುದರ ಅಪಾಯಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷಿಯದ್ದು. 1999ರಲ್ಲಿ ಅದು ಹಲವು ತಂತ್ರಾಂಶಗಳನ್ನು ಒಟ್ಟಿಗೇ ಚಾಲನೆಗೆ ತಂದಿತು, ಅದೂ ಹ್ಯಾಲೋವೀನ್ ಹಬ್ಬದ ಆರ್ಡರುಗಳು ಬರುವ ಹೊತ್ತಿಗೆ. ಗೋದಾಮಿನಲ್ಲಿ ಮಾಲಿದ್ದರೂ ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರುಗಳನ್ನು ಸಕಾಲಕ್ಕೆ ಕಳುಹಿಸಲಾಗಲಿಲ್ಲ. ಅಲ್ಲಿ ತಂತ್ರಾಂಶಕ್ಕಿಂತ ಹೆಚ್ಚಾಗಿ ಕೈಕೊಟ್ಟದ್ದು ವೇಳಾಪಟ್ಟಿ ಮತ್ತು ತಿಂಗಳಿನ ಆಯ್ಕೆ.

ಹಂತ ಹಂತದ ದಾರಿಗೆ ನಮ್ಮಲ್ಲೇ ಉತ್ತಮ ಉದಾಹರಣೆಯಿದೆ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಯಾಸ್ಕ್‌ಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಕೊಡುವ ವ್ಯವಸ್ಥೆ ತಾಲ್ಲೂಕಿನಿಂದ ತಾಲ್ಲೂಕಿಗೆ ಹರಡಿತು. ವ್ಯಾಪಾರಿಗಳು ಇದರಲ್ಲಿ ಗಮನಿಸಬೇಕಾದದ್ದು ಎರಡನೆಯ ಹೆಜ್ಜೆಯನ್ನು: ಮುದ್ರಿತ ಪಹಣಿ ಆರಂಭವಾದ ಕಡೆ ಕೈಬರಹದ ಪಹಣಿಯನ್ನು ಅಮಾನ್ಯಗೊಳಿಸಲಾಯಿತು. ಎರಡೂ ಚಾಲ್ತಿಯಲ್ಲಿದ್ದಿದ್ದರೆ ಜನ ಪರಿಚಿತ ಗ್ರಾಮಲೆಕ್ಕಿಗರ ಬಳಿಗೇ ಹೋಗುತ್ತಿದ್ದರು, ಗಣಕದ ದಾಖಲೆ ಹಳತಾಗುತ್ತಾ ಸಾಗುತ್ತಿತ್ತು. ಹಂತ ಹಂತವಾಗಿ ಹೋಗುವುದೆಂದರೆ ಒಂದೊಂದು ಹಂತದಲ್ಲೂ ಹಿಂದಿನ ಬಾಗಿಲನ್ನು ಮುಚ್ಚುತ್ತಾ ಹೋಗುವುದು. ನಮ್ಮ ಉದ್ಯಮಗಳಲ್ಲಿ ತಪ್ಪುವುದು ಇಲ್ಲಿಯೇ. ಹಂತಗಳು ಆರಂಭವಾಗುತ್ತವೆ, ಬಾಗಿಲುಗಳು ಮುಚ್ಚುವುದಿಲ್ಲ.

ಹಳತು ಮತ್ತು ಹೊಸತನ್ನು ಜೊತೆಯಾಗಿ ನಡೆಸುವ ಅವಧಿ ಬೇಕೇ ಬೇಡವೇ ಎಂಬುದರಲ್ಲಿ ಅಭಿಪ್ರಾಯಭೇದವಿದೆ. ಬೇಕು, ಆದರೆ ಒಂದು ಪೂರ್ಣ ರಿಟರ್ನ್ ಚಕ್ರಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಸಲಹೆ. ತಿಂಗಳ ಮೊದಲ ದಿನ ಆರಂಭಿಸಿ, ಆ ತಿಂಗಳ ಲೆಕ್ಕ ಎರಡೂ ಕಡೆ ಹೊಂದಿ, ಮುಂದಿನ ತಿಂಗಳ 20ರಂದು 3ಬಿ ಹೊಸ ವ್ಯವಸ್ಥೆಯ ಅಂಕಿಗಳಿಂದಲೇ ಸಲ್ಲಿಕೆಯಾದ ಮೇಲೆ ಹಳೆಯದನ್ನು ಓದಲು ಮಾತ್ರ ತೆರೆದಿಡಬೇಕು. ಅದಕ್ಕಿಂತ ಉದ್ದವಾದರೆ ಒಂದೇ ಚಲನ್ ಅನ್ನು ಎರಡು ಕಡೆ ಬರೆಯುವ ಗುಮಾಸ್ತರು ಸಹಜವಾಗಿಯೇ ಕೈ ಪಳಗಿದ ಪುಸ್ತಕವನ್ನು ಮೊದಲು ಬರೆಯುತ್ತಾರೆ, ಪರದೆಯನ್ನು ಶನಿವಾರ ಸಂಜೆ ತುಂಬುತ್ತಾರೆ.

ದಿನಾಂಕದ ಆಯ್ಕೆಯಲ್ಲಿ ಏಪ್ರಿಲ್ 1 ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆರಂಭಿಕ ಶಿಲ್ಕು ಸುಲಭ, ಬಿಲ್ ಸಂಖ್ಯೆಯೂ ಹೊಸದಾಗಿ ಶುರುವಾಗುತ್ತದೆ ಎಂಬುದು ನಿಜ. ಆದರೆ ಮಾರ್ಚ್ ಕೊನೆಯ ವಾರದಲ್ಲಿ ಲೆಕ್ಕದವರ ಮೇಲಿರುವ ಒತ್ತಡವನ್ನು ಬಲ್ಲವರು ಆ ದಿನವನ್ನು ಆರಿಸುವುದಿಲ್ಲ. ವರ್ಷದ ನಡುವೆ ಬದಲಿಸಲು ಕಾನೂನಿನ ಅಡ್ಡಿಯೇನಿಲ್ಲ: ಆರ್ಥಿಕ ವರ್ಷದೊಳಗೆ ಬಿಲ್ ಸಂಖ್ಯೆ ಮರುಕಳಿಸಬಾರದು, 16 ಅಕ್ಷರ ಮೀರಬಾರದು, ಒಂದಕ್ಕಿಂತ ಹೆಚ್ಚು ಸರಣಿಗಳಿರಬಹುದು. ಹೊಸ ವ್ಯವಸ್ಥೆಗೆ ಬೇರೆ ಪೂರ್ವಾಕ್ಷರದ ಸರಣಿ ಕೊಟ್ಟರೆ ಜುಲೈ 1 ಅಥವಾ ಅಕ್ಟೋಬರ್ 1 ಕೂಡ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ದತ್ತಾಂಶ ವರ್ಗಾವಣೆಯಲ್ಲಿ ಒಂದು ಎಚ್ಚರ. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್‌ಗೆಂದು ಹೊರಗೆ ಕಳುಹಿಸಿದ ಮಾಲನ್ನು ಆರಂಭಿಕ ಶಿಲ್ಕಿನಲ್ಲಿ ಒಟ್ಟು ತೂಕವಾಗಿ ಏರಿಸಬಾರದು. ಜಾಬ್ ವರ್ಕ್‌ಗೆ ಹೋದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಕಳುಹಿಸಿದ ದಿನವೇ ಮಾರಾಟವಾಯಿತೆಂದು ಜಿಎಸ್‌ಟಿ ಕಾನೂನು ಪರಿಗಣಿಸುತ್ತದೆ. ಆದ್ದರಿಂದ ಬಾಕಿಯಿರುವ ಪ್ರತಿ ಚಲನ್ ಅನ್ನೂ ಅದರದೇ ಸಂಖ್ಯೆ, ದಿನಾಂಕದೊಂದಿಗೆ ತರಬೇಕು. ಬೇಸರದ ಕೆಲಸ, ಮಾರಾಟಗಾರರು ತಾವಾಗಿ ನೆನಪಿಸುವುದೂ ಅನುಮಾನ. ಪ್ರಾಜೆಕ್ಟ್ ಮ್ಯಾನೇಜರ್ ಎಂಬವರು ಬೇಕಾಗುವುದೇ ಇಂಥದ್ದಕ್ಕೆ.

ಪೂರ್ಣ ನಕ್ಷೆಯೋ, ಚಿಕ್ಕ ಚಿಕ್ಕ ಸುತ್ತುಗಳೋ

ಎಲ್ಲವನ್ನೂ ಮೊದಲೇ ಬರೆದು ಸಹಿ ಮಾಡಿಸಿ ನಂತರ ಕಟ್ಟುವ ವಾಟರ್‌ಫಾಲ್ ಪದ್ಧತಿ, ಒಂದೆರಡು ವಾರಗಳ ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ ಕಟ್ಟಿ ತೋರಿಸಿ ತಿದ್ದುವ ಅಜೈಲ್ ಪದ್ಧತಿ, ಇವೆರಡರ ನಡುವಿನ ವಾದ 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ತಂತ್ರಾಂಶ ಪರಿಣತರು ಅಜೈಲ್ ಪ್ರಣಾಳಿಕೆ ಹೊರಡಿಸಿದಂದಿನಿಂದಲೂ ನಡೆದಿದೆ. ನಮ್ಮ ಗಾತ್ರದ ಉದ್ಯಮಗಳು ಪಕ್ಷ ವಹಿಸಬೇಕಾಗಿಲ್ಲ. ದಿನಾಂಕವನ್ನು ಹೊರಗಿನವರು ನಿರ್ಧರಿಸಿದಾಗ ಪೂರ್ಣ ನಕ್ಷೆ ಬೇಕು. ನರಸಾಪುರದ ದೊಡ್ಡ ಕಾರ್ಖಾನೆಯೊಂದಕ್ಕೆ ಮಾಲೂರಿನಿಂದ ಬಿಡಿಭಾಗ ಕೊಡುವವರಿಗೆ ಖರೀದಿದಾರರು ಇಂಥ ದಿನದಿಂದ ಬಾರ್‌ಕೋಡ್ ಲೇಬಲ್ ಇಲ್ಲದ ಪೆಟ್ಟಿಗೆ ಇಳಿಸಿಕೊಳ್ಳುವುದಿಲ್ಲವೆಂದರೆ, ಅಲ್ಲಿ ಸುತ್ತು ಹೊಡೆಯಲು ಅವಕಾಶವಿಲ್ಲ. ಏನು ಬೇಕೆಂಬುದು ಬಳಸುವವರಿಗೇ ಇನ್ನೂ ಸ್ಪಷ್ಟವಿಲ್ಲದ ಕಡೆ ಚಿಕ್ಕ ಸುತ್ತುಗಳೇ ಸರಿ.

ಕೋಲಾರದ ಟೊಮೆಟೊ ಮಂಡಿ ಈ ಎರಡನೆಯ ಬಗೆಯದು. ತಾಜಾ ಟೊಮೆಟೊಗೂ ಕೃಷಿ ಉತ್ಪನ್ನದ ದಲ್ಲಾಳಿ ಸೇವೆಗೂ ಜಿಎಸ್‌ಟಿ ವಿನಾಯಿತಿ ಇರುವುದರಿಂದ ತೆರಿಗೆ ಕಾನೂನು ಅಲ್ಲಿ ಯಾರನ್ನೂ ಕಂಪ್ಯೂಟರ್ ಕಡೆಗೆ ತಳ್ಳುವುದಿಲ್ಲ. ಲಾಭವಿದ್ದರೆ ಮಾತ್ರ ಬದಲಾವಣೆ ನಿಲ್ಲುತ್ತದೆ. ಮಂಡಿಯವರ ಲೆಕ್ಕದಲ್ಲಿ ರೈತರ ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ಖರೀದಿದಾರರ ಬಾಕಿ, ಹಮಾಲಿ ಇವುಗಳ ಜೊತೆಗೆ ಖಾಲಿ ಕ್ರೇಟುಗಳ ಲೆಕ್ಕವೂ ಇರುತ್ತದೆ, ಯಾವ ಸಿದ್ಧ ತಂತ್ರಾಂಶದಲ್ಲೂ ಅದು ಸಲೀಸಾಗಿ ಕೂರುವುದಿಲ್ಲ. ಹರಾಜಿನ ಗದ್ದಲದಲ್ಲಿ ನಿಂತು ಬರೆಯುವವರ ಬೆರಳಿಗೆ ಎಷ್ಟು ಒತ್ತುಗಳು ಸಾಧ್ಯ, ರೈತರಿಗೆ ಕೊಡುವ ಚೀಟಿ ಕನ್ನಡದಲ್ಲಿ ಹೇಗಿರಬೇಕು ಎಂಬುದು ಮೇಜಿನ ಮುಂದೆ ಕುಳಿತು ಬರೆದ ಐವತ್ತು ಪುಟಗಳ ದಾಖಲೆಯಲ್ಲಿ ಸಿಗುವಂಥದ್ದಲ್ಲ. ಮೊದಲ ಸುತ್ತಿನಲ್ಲಿ ಕ್ರೇಟಿನ ಲೆಕ್ಕ ಮಾತ್ರ, ಅದೂ ಆವಕ ಕಡಿಮೆಯಿರುವ ತಿಂಗಳಲ್ಲಿ. ಅದು ಹಿಡಿದರೆ ಪಟ್ಟಿ, ಆಮೇಲೆ ಬಾಕಿ.

ತಂತ್ರಾಂಶವನ್ನು ತಿದ್ದಿಸುವುದೋ, ಪದ್ಧತಿಯನ್ನು ಬದಲಿಸಿಕೊಳ್ಳುವುದೋ

ದುಡ್ಡು ಸೋರುವುದು ಹೆಚ್ಚಾಗಿ ಇಲ್ಲಿ. ಜರ್ಮನಿಯ ಚಿಲ್ಲರೆ ಮಾರಾಟ ಸಂಸ್ಥೆ ಲಿಡ್ಲ್ ದಾಸ್ತಾನನ್ನು ಖರೀದಿ ಬೆಲೆಯಲ್ಲಿ ಅಳೆಯುವ ತನ್ನ ರೂಢಿಯನ್ನು ಬಿಡಲೊಪ್ಪದೆ, ಮಾರಾಟ ಬೆಲೆಯನ್ನು ಆಧರಿಸಿದ ಸಿದ್ಧ ತಂತ್ರಾಂಶವನ್ನೇ ತಿದ್ದಿಸುತ್ತಾ ಹೋಗಿ, ಸುಮಾರು ಏಳು ವರ್ಷ ಮತ್ತು 50 ಕೋಟಿ ಯೂರೋ ವೆಚ್ಚದ ಬಳಿಕ 2018ರಲ್ಲಿ ಇಡೀ ಯೋಜನೆಯನ್ನು ಕೈಬಿಟ್ಟಿತೆಂಬುದು ಆಗ ದೊಡ್ಡ ಸುದ್ದಿಯಾಗಿತ್ತು. ನಮ್ಮಲ್ಲಿ ಮೊತ್ತ ಚಿಕ್ಕದಿರಬಹುದು, ಹಟ ಚಿಕ್ಕದಲ್ಲ. ಬಿಲ್ಲಿನ ಮೇಲೆ ಲಾಂಛನ ಎಡಕ್ಕಿರಬೇಕೋ ಬಲಕ್ಕೋ ಎಂಬುದಕ್ಕೂ ದಿನದ ದರ ಕಟ್ಟುವವರಿದ್ದಾರೆ.

ನನ್ನ ನಿಯಮ ಹೀಗಿದೆ. ನಿಮ್ಮ ಪದ್ಧತಿಯಿಂದಲೇ ಗ್ರಾಹಕರು ನಿಮ್ಮ ಬಳಿ ಬರುತ್ತಿದ್ದರೆ ತಂತ್ರಾಂಶವನ್ನು ತಿದ್ದಿಸಿ. ಪದ್ಧತಿ ಕೇವಲ ಅಭ್ಯಾಸವಾಗಿದ್ದರೆ ಅಭ್ಯಾಸವನ್ನು ಬಿಡಿ. ತಿಪಟೂರಿನ ಕೊಬ್ಬರಿ ವರ್ತಕರು ಗುಣಮಟ್ಟ ನೋಡಿ ಲಾಟು ಬೇರ್ಪಡಿಸುವ ಬಗೆ ಮೊದಲನೆಯದಕ್ಕೆ ಸೇರುತ್ತದೆ, ವಾರಕ್ಕೊಮ್ಮೆ ಮಾತ್ರ ವಸೂಲಿ ನಮೂದಿಸುವ ರೂಢಿ ಎರಡನೆಯದಕ್ಕೆ. ತಿದ್ದುಪಡಿ ಕೇಳುವವರು ಲಿಖಿತವಾಗಿ ಕೇಳಬೇಕು, ಅದರ ವೆಚ್ಚ ಮತ್ತು ಅದರಿಂದ ತಡವಾಗುವ ದಿನಗಳನ್ನು ಪಕ್ಕದಲ್ಲೇ ಬರೆದು ಮಾಲೀಕರ ಸಹಿಗೆ ಇಡಬೇಕು. ಇದೊಂದು ಶಿಸ್ತಿನಿಂದಲೇ ಅರ್ಧ ಬೇಡಿಕೆಗಳು ತಾವಾಗಿ ಹಿಂದೆ ಸರಿಯುತ್ತವೆ.

ಕರಾರಿನ ವಿಷಯ ಚುಟುಕಾಗಿ: ಕಂತುಗಳನ್ನು ದಿನಾಂಕಕ್ಕೆ ಕಟ್ಟದೆ ಫಲಿತಾಂಶಕ್ಕೆ ಕಟ್ಟಬೇಕು, ಮತ್ತು ಕೊನೆಯ ಗಣನೀಯ ಕಂತು ಗೋ-ಲೈವ್ ದಿನಕ್ಕಲ್ಲದೆ ಮೊದಲ ಭೌತಿಕ ದಾಸ್ತಾನು ಎಣಿಕೆ ಹೊಂದಿದ ದಿನಕ್ಕೆ ಇರಬೇಕು. ನಿಮ್ಮ ದತ್ತಾಂಶವನ್ನು ಪೂರ್ತಿಯಾಗಿ ಎಕ್ಸೆಲ್‌ನಲ್ಲಿ ಹೊರತೆಗೆದುಕೊಳ್ಳುವ ಹಕ್ಕನ್ನು ಬರೆಸಿಕೊಳ್ಳಬೇಕು. ಸಂಸ್ಥೆ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯುವುದು ಮತ್ತು ಆ ಜಾಡನ್ನು ಆರಿಸಲಾಗದಿರುವುದು ಕಡ್ಡಾಯ; ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಯಾರಿಗೆ ಯಾವುದೂ ಬೇಡ

ಎಲ್ಲರಿಗೂ ಯೋಜನೆ ಬೇಕೆಂದೇನಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಕೊಂಡು ಮನೆಯ ಹಿಂದಿನ ಘಟಕದಲ್ಲಿ ನೂಲು ತೆಗೆಯುವ ಸಣ್ಣ ರೀಲರ್‌ಗಳಿಗೆ ದಿನವೂ ತಿಳಿಯಬೇಕಾದ ಸಂಖ್ಯೆ ಒಂದೇ, ರೆಂಡಿಟ್ಟಾ. ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಹೋಯಿತು ಎಂಬುದು. ಲಾಟಿನ ದಿನಾಂಕ, ಗೂಡಿನ ಊರು, ಗೂಡಿನ ತೂಕ, ಕೊಂಡ ದರ, ತೆಗೆದ ನೂಲಿನ ತೂಕ ಎಂಬ ಐದು ಕಾಲಂಗಳ ಹಾಳೆಯನ್ನು ಮೊಬೈಲಿನಲ್ಲಿಟ್ಟುಕೊಂಡು ದಿನವೂ ತುಂಬಿದರೆ, ಯಾವ ಊರಿನ ಗೂಡು ಯಾವ ಕಾಲದಲ್ಲಿ ನಷ್ಟ ತಂದಿತೆಂಬುದು ಒಂದು ಋತುವಿನಲ್ಲಿ ಕಾಣತೊಡಗುತ್ತದೆ. ಇವರಿಗೆ ಇಆರ್‌ಪಿ (ಇಡೀ ಸಂಸ್ಥೆಯ ವ್ಯವಹಾರವನ್ನು ಒಂದೆಡೆ ನಡೆಸುವ ತಂತ್ರಾಂಶ) ಮಾರಲು ಬಂದವರನ್ನು ಕಾಫಿ ಕೊಟ್ಟು ಕಳುಹಿಸಬಹುದು. ಘಟಕ ಬೆಳೆದು ನೂಲು ತೆಗೆಯುವುದರ ಜೊತೆಗೆ ಹುರಿ ಮಾಡುವ ಯಂತ್ರಗಳೂ ಬಂದು, ಲಾಟುಗಳು ಎರಡು ಕಡೆ ಬೆರೆಯಲು ಆರಂಭಿಸಿದಾಗ ಆ ಹಾಳೆ ಸಾಲುವುದಿಲ್ಲ. ಆಗ, ಇದೂ ಉತ್ಪಾದನೆಯೇ ಆದರೂ ಘಟಕ ಚಿಕ್ಕದಿರುವವರೆಗೆ, ಮೇಲಿನ ಮೂರು ದಾರಿಗಳಲ್ಲಿ ಎರಡನೆಯದರಿಂದ, ಅಂದರೆ ತಿದ್ದದ ಸಿದ್ಧ ತಂತ್ರಾಂಶ ಮತ್ತು ಘಟಕದಲ್ಲೇ ಕೂರುವ ಮಾಲೀಕರಿಂದ ಆರಂಭಿಸಬಹುದು.